ಸವದತ್ತಿಯ ಓಣಿಯಲ್ಲಿ ಸಿಕ್ಕ ಬಿಳಿ ಸ್ಪೀಕರ್

ಯಲ್ಲಮ್ಮನ ಗುಡ್ಡ ಇಳಿದು ಸವದತ್ತಿ ಪೇಟೆಗೆ ಬಂದವನನ್ನು ಗೆಳೆಯ ಓಣಿಯೊಳಗಿನ ಸ್ಟುಡಿಯೊ ಒಂದಕ್ಕೆ ಎಳೆದೊಯ್ದ. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿ, ಗೋಡೆಗೆಲ್ಲ ಕೌದಿ. ಮೇಜಿನ ಮೇಲಿದ್ದ ಜೋಡಿಯನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ: ಕಪ್ಪು ಪೆಟ್ಟಿಗೆ, ಹಾಲು ಬಿಳುಪಿನ ಕೋನು. ಯಮಹಾ ಎನ್‌ಎಸ್-10! ಏರುದನಿ ಹೊರಡುವ ಟ್ವೀಟರ್ ಎರಡರ ಮೇಲೂ ತೆಳ್ಳನೆಯ ಟಿಶ್ಯೂ ಕಾಗದ.

‘ಮುಂಬೈದಾಗ ಒಂದು ಸ್ಟುಡಿಯೊ ಬಂದ್ ಆದಾಗ ನಮ್ಮ ಗುರುಗಳು ತಂದಿದ್ರು ಸರ. ಕಾಗದಾನೂ ಅವರ ಹಚ್ಚಿದ್ದು. ನಾ ಮುಟ್ಟಿಲ್ಲ’ ಅಂದ ಸ್ಟುಡಿಯೊ ನಡೆಸುವ ಹುಡುಗ.

1978ರಲ್ಲಿ ಮನೆಯಲ್ಲಿ ಕೇಳಲೆಂದು ಬಂದ ಈ ಸ್ಪೀಕರ್ ಮನೆಗಳಲ್ಲಿ ಸೋತು ಸ್ಟುಡಿಯೊಗಳಲ್ಲಿ ಗೆದ್ದಿತು. ಕೋನಿಗೆ ಬೇಕಾದ ಮರದ ತಿರುಳು ಸಿಗದೆ 2001ರಲ್ಲಿ ತಯಾರಿಕೆ ನಿಂತಿತು. 2008ರಲ್ಲಿ ತಾಂತ್ರಿಕ ಗ್ರ್ಯಾಮಿಯೂ ಬಂತು. ಅಷ್ಟು ಸಾಕು, ನನ್ನ ಮನಸ್ಸು ಇರುವುದು ಕಾಗದದ ಮೇಲೆ.

ಈ ಸ್ಪೀಕರಿನ ಏರುದನಿ ಕಿವಿಗೆ ಚುಚ್ಚುತ್ತದೆ. ಅದನ್ನು ಮೆತ್ತಗೆ ಮಾಡಲು ಅಮೆರಿಕದ ಬಾಬ್ ಕ್ಲಿಯರ್‌ಮೌಂಟನ್ ಟ್ವೀಟರಿಗೆ ಟಿಶ್ಯೂ ಹಚ್ಚಿದರು, ಲೋಕವೆಲ್ಲ ಹಚ್ಚಿತು. ಯಾವ ಕಾಗದ, ಎಷ್ಟು ಪದರ, ಎಷ್ಟು ದೂರ ಎಂಬ ವಾದವೂ ಎದ್ದಿತು. ಬಾಬ್ ಹೋಡಸ್ ಎಂಬ ಧ್ವನಿತಜ್ಞರು ಬಗೆಬಗೆಯ ಟಿಶ್ಯೂ ತಂದು, ದೂರ ಬದಲಿಸಿ ಅಳೆದು 1986ರಲ್ಲಿ ಫಲಿತಾಂಶ ಬರೆದರು. ಕಾಗದ ಸದ್ದನ್ನು ಹೀರುವುದಕ್ಕಿಂತ ಹೆಚ್ಚಾಗಿ ಟ್ವೀಟರಿನತ್ತ ಮರಳಿಸುತ್ತದೆ. ಹೋಗುವ ಅಲೆ, ಮರಳಿದ ಅಲೆ ಒಂದರೊಳಗೊಂದು ಸಿಕ್ಕಿ, ಏರುದನಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಅಲ್ಲಲ್ಲಿ ಸಂದು ಬೀಳುತ್ತದೆ. ಒಂದು ಟಿಶ್ಯೂವಿಗಾಗಿ ಇಷ್ಟು ದುಡಿದವರ ಮೇಲೆ ನನಗೆ ಅಪಾರ ಪ್ರೀತಿ.

ಹುಡುಗ ಮಿಕ್ಸ್ ಮಾಡುತ್ತಿದ್ದದ್ದು ಜೋಗತಿಯೊಬ್ಬರ ಚೌಡಿಕೆ ಪದ. ತಂತಿ ಜಗ್ಗಿದಂತೆ ಜಾರುವ ಚೌಡಿಕೆಯ ನಾದ ತಾಳ, ಕೀಬೋರ್ಡುಗಳ ಅಡಿಯಲ್ಲಿ ಹೂತುಹೋಗಿತ್ತು. ಅದನ್ನೇ ಅವನ ಸೌಂಡ್ ಬಾಕ್ಸಿನಲ್ಲಿ ಕೇಳಿಸಿದ. ಹಾಡು ಸಕ್ಕರೆಯಂತಿತ್ತು. ‘ಇದರಾಗ ಎಲ್ಲಾ ಚಂದ ಕೇಳತೈತ್ರಿ, ಮುಂದ ಟ್ರ್ಯಾಕ್ಟರ್‌ನ್ಯಾಗ ಹಾಕಿದ್ರ ಮಾನ ಹೋಗತೈತಿ.’ ಸ್ಟುಡಿಯೊಗೆ ಸ್ಪೀಕರ್, ಅಂದರೆ ಮಾನಿಟರ್, ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ಚಂದ ಮಾಡುವ ಸ್ಪೀಕರ್ ತಪ್ಪು ಮುಚ್ಚುತ್ತದೆ. ಅಂಗಡಿಗೆ ಹೋಗುವಾಗ ನೂರು ಸಲ ಕೇಳಿದ ನಿಮ್ಮದೇ ಹಾಡು ಒಯ್ಯಿರಿ, ಅದರ ಕುಂದು ತೋರಿಸಿದ ಜೋಡಿಯನ್ನೇ ತನ್ನಿರಿ.

ಹಾಗೆಂದು ಹಳೆಯ ಎನ್‌ಎಸ್-10 ಹುಡುಕಿ ಅಲೆಯಬೇಡಿ. ಬಿಡಿಭಾಗ ಸಿಗುವುದು ಕಷ್ಟ, ಆಂಪ್ಲಿಫೈಯರ್ ಬೇರೆ ಬೇಕು. ಆಂಪ್ಲಿಫೈಯರ್ ಒಳಗೇ ಇರುವ ಐದಿಂಚಿನ ಪವರ್ಡ್ ಮಾನಿಟರ್ ಸಾಕು. ಎಂಟಿಂಚಿನದಕ್ಕೆ ಆಸೆಪಡುವವರನ್ನು ನಾನು ತಡೆಯುತ್ತೇನೆ, ಏಕೆಂದರೆ ಖೋಲಿ ಸುಮ್ಮನಿರುವುದಿಲ್ಲ. ಹತ್ತಡಿಯ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಉಬ್ಬಿ ನಿಲ್ಲುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಬಿಳಿ ಆರರ ಬಹಳ ಕೆಳಗಿನ ಸಪ್ತಕದ ಸ್ವರ, 55 ಹರ್ಟ್ಸ್. ಉದ್ದ, ಅಗಲ ಒಂದೇ ಆದರೆ ಉಬ್ಬು ಇಮ್ಮಡಿ. ಬೇಸ್ ಹೆಚ್ಚಾಯಿತೆಂದು ಇಲ್ಲಿ ಇಳಿಸಿದರೆ ಹೊರಗೆ ಹಾಡು ಬಡಕಲಾಗುತ್ತದೆ.

ಕೌದಿ ಇದಕ್ಕೆ ಮದ್ದಲ್ಲ. 100 ಹರ್ಟ್ಸ್‌ನ ಅಲೆ ಮೂರೂವರೆ ಮೀಟರ್ ಉದ್ದ, ಎರಡು ಬೆರಳು ದಪ್ಪದ ಬಟ್ಟೆಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏರುದನಿ ಮಾತ್ರ ಸತ್ತು ಖೋಲಿ ಮಂಕಾಗುತ್ತದೆ. ಪಕ್ಕದ ಬೈಲಹೊಂಗಲದಲ್ಲಿ ಹತ್ತಿಗೇನು ಬರ? ದಪ್ಪ ಗಾದಿ ತುಂಬಿಸಿ ಮೂಲೆಗಳಲ್ಲಿ ನಿಲ್ಲಿಸಿದರೆ ಕೌದಿಗಿಂತ ಮೇಲು. ಎರಡು ಸ್ಪೀಕರ್, ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಗೋಡೆಗೆ ಆನಿಸಲೇಬೇಕಾದರೆ ಹಿಂಬದಿಯ ಸ್ವಿಚ್ ನೋಡಿ. ಯಮಹಾ ಎಚ್‌ಎಸ್5ರಲ್ಲಿ ಕೆಳದನಿಯನ್ನು 2 ಅಥವಾ 4 ಡೆಸಿಬಲ್ ಇಳಿಸಬಹುದು.

ಹೊರಡುವ ಮುಂಚೆ, ಒಂದು ಸಲ ಕಾಗದ ತೆಗೆದು ಕೇಳೋಣವೇ ಎಂದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಎಡಗಡೆಯದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ. ತಾಳ ಕಿವಿಗೆ ರಾಚಿತು. ‘ಇಷ್ಟು ದಿನ ತಾಳ ಜಾಸ್ತಿ ಇಟ್ಟೇನ್ರಿ!’ ಎಂದು ಮೂರು ಡೆಸಿಬಲ್ ಇಳಿಸಿದ. ಅಡಿಯಿಂದ ಚೌಡಿಕೆ ಎದ್ದುಬಂತು. ಬಲಗಡೆಯದು?

‘ಗುರುಗಳ ಕೈಯಾಂದು ಸರ. ನಾಳೆ ಮಂಗಳಾರ, ಊದಿನಕಡ್ಡಿ ಹಚ್ಚಿ ತಗೀತೇನಿ.’