ಬಾಲಕನ ಬೀಡಿಯೂ ಮೊಮ್ಮಕ್ಕಳ ಉಸಿರೂ

ಬಳ್ಳಾರಿಯ ಬೀದಿಯಲ್ಲಾಗಲಿ, ಸಿರುಗುಪ್ಪದ ಅಕ್ಕಿಯ ಗಿರಣಿಗಳ ಬಳಿಯಲ್ಲಾಗಲಿ, ಕುರುಗೋಡಿನ ಗುಡ್ಡದ ತಪ್ಪಲಲ್ಲಾಗಲಿ, ಮೀಸೆ ಮೂಡದ ಬಾಲಕನು ಬೀಡಿ ಸೇದುವುದನ್ನು ಕಂಡು, ಹುಡುಗಾಟಿಕೆಯೆಂದು ಹಿರಿಯರು ಸುಮ್ಮನಿರಲಾಗದು. ಶ್ವಾಸಕೋಶವು ಹುಟ್ಟಿದೊಡನೆ ಪೂರ್ಣವಾಗುವುದಿಲ್ಲ. ಸುಮಾರು 20 ವರ್ಷದವರೆಗೂ ಬೆಳೆಯುತ್ತಿರುವುದು. ಆಗ ಸೋಕಿದ ಹೊಗೆಯು ಆ ಬೆಳವಣಿಗೆಯನ್ನು ಕುಂದಿಸುವುದು.

ಹಾನಿಯು ಅಲ್ಲಿಗೇ ನಿಲ್ಲದೆಂಬ ಶಂಕೆಯುಂಟು. ವಂಶವಾಹಿಯನ್ನು ಗ್ರಂಥವೆನ್ನುವುದಾದರೆ, ಅಕ್ಷರಗಳು ಬದಲಾಗದಿದ್ದರೂ, ಯಾವ ಭಾಗವನ್ನು ಓದಬೇಕು, ಯಾವುದನ್ನು ಬಿಡಬೇಕೆಂಬ ಗುರುತುಗಳು ಬದಲಾಗಬಹುದು. 2023ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್, ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯಗಳ ಸಂಶೋಧಕರು 875 ಜನರನ್ನು ಪರೀಕ್ಷಿಸಿ, 15 ವರ್ಷಕ್ಕೆ ಮೊದಲೇ ಧೂಮಪಾನಕ್ಕಿಳಿದ ತಂದೆಯರ ಮಕ್ಕಳಲ್ಲಿ ಅಂತಹ ಗುರುತುಗಳು 19 ಕಡೆ ವ್ಯತ್ಯಾಸವಾಗಿರುವುದನ್ನು ಕಂಡರು. ಕೆಲವು ಉಬ್ಬಸಕ್ಕೆ ಸಂಬಂಧಿಸಿದವು. ಇದು ಅಂತಿಮ ಸಿದ್ಧಾಂತವಲ್ಲ; ಎಚ್ಚರಿಕೆಗೆ ಸಾಕು.

ಗೃಹಸ್ಥರೇ, ಬಾಲಕನ ಕೈಯ ಬೀಡಿಯನ್ನು ಬಿಡಿಸಿದರೆ, ಮಗನೊಡನೆ ಇನ್ನೂ ಹುಟ್ಟದ ಮೊಮ್ಮಗನ ಉಸಿರನ್ನೂ ಕಾದಂತಾಗಬಹುದು.