ಪ್ರಕಟನೆಯ ಗ್ರಂಥವನ್ನು ಓದುವ ನಾಲ್ಕು ಕ್ರಮಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಮಳೆ ತಪ್ಪಿದಾಗಲೂ ರೋಗ ಹಬ್ಬಿದಾಗಲೂ ಕಾಲಜ್ಞಾನದ ಮಾತು ಬರುವದುಂಟು. ಹಿರಿಯರು ಕೊಡೇಕಲ್ಲ ಬಸವಣ್ಣನವರ ವಚನಗಳನ್ನು ನೆನೆಯುವರು. ಕ್ರೈಸ್ತರ ಮನೆಗಳಲ್ಲಾದರೋ ಸತ್ಯವೇದದ ಕಡೇ ಗ್ರಂಥವಾದ ಪ್ರಕಟನೆಯನ್ನು ತೆರೆಯುವರು. 2020ರಲ್ಲಿ ಕೊರೋನಾ ಜಾಡ್ಯದ ನಿಮಿತ್ತ ಶಾಲೆಗಳು ಮುಚ್ಚಿದಾಗ, ಲೋಕವೇ ಮುಗಿಯುವದಾದರೆ ಹೆಣ್ಣುಮಕ್ಕಳಿಗೆ ಓದು ಯಾತಕ್ಕೆ ಎಂಬ ಪ್ರಶ್ನೆಯು ನಮ್ಮ ಕಿವಿಗೂ ಬಿತ್ತು. ಆದಕಾರಣ ಸಭೆಯ ಪಂಡಿತರು ಈ ಗ್ರಂಥವನ್ನು ಯಾವ ಯಾವ ಕ್ರಮದಿಂದ ಓದಿದ್ದಾರೆಂಬದನ್ನು ನಮ್ಮ ಹಳೇ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಮೊದಲನೆಯ ಕ್ರಮದವರು, ಇದರಲ್ಲಿ ಹೇಳಿದ ಬಹುಭಾಗವು ಆ ಕಾಲದಲ್ಲಿಯೇ ನೆರವೇರಿತು ಅನ್ನುತ್ತಾರೆ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನು ಎಫೆಸ, ಸ್ಮುರ್ನ ಮೊದಲಾದ ಏಳು ಸಭೆಗಳಿಗೆ ಬರೆದನು. ಆ ಸಭೆಗಳು ರೋಮ್ ಸಾಮ್ರಾಜ್ಯದ ಅಧೀನದಲ್ಲಿದ್ದವು. ಬಾಬೆಲೆಂದರೆ ರೋಮ್ ಪಟ್ಟಣವೇ. 666 ಎಂಬ ಮೃಗದ ಸಂಖ್ಯೆಯು, ನೀರೋ ಕೈಸರನ ಹೆಸರನ್ನು ಇಬ್ರಿಯ ಅಕ್ಷರಗಳಲ್ಲಿ ಬರೆದು ಅವುಗಳ ಬೆಲೆಯನ್ನು ಕೂಡಿಸಿದರೆ ಬರುವ ಮೊತ್ತವೆಂದು ಇವರ ಅಭಿಪ್ರಾಯ.

ಎರಡನೆಯ ಕ್ರಮದವರು, ಅಪೊಸ್ತಲರ ಕಾಲದಿಂದ ಲೋಕಾಂತ್ಯದ ವರೆಗಿನ ಸಭೆಯ ಚರಿತ್ರೆಯೆಲ್ಲ ಇಲ್ಲಿ ಅನುಕ್ರಮವಾಗಿದೆ ಅನ್ನುತ್ತಾರೆ. ಸಭಾಸುಧಾರಣೆಯ ಕಾಲದ ಪ್ರಾಟೆಸ್ಟಂಟರಲ್ಲಿ ಅನೇಕರು ಹೀಗೆಯೇ ಓದಿದರು. ಮೂರನೆಯವರು, ನಾಲ್ಕನೆಯ ಅಧ್ಯಾಯದಿಂದ ಮುಂದಿನದೆಲ್ಲ ಇನ್ನೂ ಬರತಕ್ಕ ಕಡೇ ದಿನಗಳ ಸಂಗತಿ ಅನ್ನುತ್ತಾರೆ. 19ನೆಯ ಶತಮಾನದಲ್ಲಿ ಡಾರ್ಬಿಯವರೂ, 1909ರಲ್ಲಿ ಹೊರಟ ಸ್ಕೋಫೀಲ್ಡರ ಟಿಪ್ಪಣಿಯ ಸತ್ಯವೇದವೂ ಈ ಬಗೆಯ ವಿಚಾರವನ್ನು ಬಹಳವಾಗಿ ಹರಡಿದವು. ನಾಲ್ಕನೆಯವರಿಗೆ ಇದು ಸಾಂಕೇತಿಕ ಗ್ರಂಥ. ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಎಲ್ಲಾ ಕಾಲದಲ್ಲಿ ನಡೆಯುವ ಹೋರಾಟದ ಚಿತ್ರ.

ಇಪ್ಪತ್ತನೆಯ ಅಧ್ಯಾಯದ ಸಾವಿರ ವರ್ಷಗಳ ವಿಷಯದಲ್ಲಿಯೂ ಮತಭೇದವುಂಟು. ಕ್ರಿಸ್ತನು ಆ ವರ್ಷಗಳಿಗೆ ಮೊದಲು ಬರುವನೆಂದು ಕೆಲವರು, ಸುವಾರ್ತೆಯು ಲೋಕವನ್ನು ತಿದ್ದಿದ ತರುವಾಯ ಬರುವನೆಂದು ಕೆಲವರು ನಂಬುವರು. ಅದು ಸಭೆಯ ಈಗಿನ ಕಾಲವೇ ಎಂದು ಅಗಸ್ತೀನನು ಕಲಿಸಿದನು.

ಕಾಲಗಣನೆ ಮಾಡಲು ಹೋದವರ ಗತಿ ಏನಾಯಿತೆಂಬದನ್ನು ಚರಿತ್ರೆಯು ತಿಳಿಸುತ್ತದೆ. ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಭಕ್ತಪಂಡಿತರಾದ ಬೆಂಗೆಲರು 1836ನ್ನು ಗೊತ್ತುಮಾಡಿದ್ದರು. ಅಮೇರಿಕೆಯಲ್ಲಿ ಮಿಲ್ಲರರ ಅನುಯಾಯಿಗಳು 1844ರ ಅಕ್ಟೋಬರ್ 22ನೆಯ ತಾರೀಖಿನಂದು ಕಾದುಕೊಂಡಿದ್ದರು. ಎರಡೂ ದಿನಗಳು ಸುಮ್ಮನೆ ಕಳೆದುಹೋದವು. ನಮ್ಮ ಸೀಮೆಗೂ ಇದರ ನೆರಳು ತಾಕದೆ ಇರಲಿಲ್ಲ. ಬಾಸೆಲ್ ಮಿಶನ್ನಿನವರಲ್ಲಿ ಅನೇಕರು ಬೆಂಗೆಲರ ಪ್ರಾಂತದಿಂದಲೇ ಬಂದವರು. ಹುಬ್ಬಳ್ಳಿ ಗದಗ ಕಡೆಯಲ್ಲಿ ಕಾಲಜ್ಞಾನವನ್ನು ನಂಬಿದ ಕೆಲವು ಜನರು ಇವರ ಬೋಧನೆಯಲ್ಲಿ ಆಸಕ್ತಿ ತೋರಿಸಲು, ದೊಡ್ಡ ಗುಂಪೇ ಬರುವದೆಂದು ನೆನಸಿ 1841ರಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಂದು ವಸಾಹತನ್ನು ಸ್ಥಾಪಿಸಿದರು. ನಿರೀಕ್ಷಿಸಿದ ಗುಂಪು ಬರಲಿಲ್ಲ. ಒಬ್ಬರ ಪ್ರವಾದನೆಯನ್ನು ಮತ್ತೊಬ್ಬರು ತಮ್ಮ ಇಷ್ಟದಂತೆ ಓದಿಕೊಂಡರೆ ಎರಡು ಕಡೆಯವರಿಗೂ ನಿರಾಶೆಯೇ ಎಂಬದಕ್ಕೆ ಇದು ಸಾಕ್ಷಿ.

ಹಾಗಾದರೆ ಈ ಗ್ರಂಥದಿಂದ ಪ್ರಯೋಜನವೇನು? ನಾಲ್ಕು ಕ್ರಮದವರೂ ಕಾಲದ ವಿಷಯದಲ್ಲಿ ಭಿನ್ನರಾಗಿದ್ದರೂ ಒಂದು ಮಾತಿನಲ್ಲಿ ಏಕಮನಸ್ಸುಳ್ಳವರು. ಏನಂದರೆ, ಇದು ಹಿಂಸೆಪಡುತ್ತಿದ್ದವರಿಗೆ ಧೈರ್ಯ ಕೊಡಲಿಕ್ಕೆ ಬರೆದದ್ದು. ಅನ್ಯಾಯಕ್ಕೆ ಕೊನೆಯುಂಟು, ದುಃಖಿತರ ಕಣ್ಣೀರಿಗೆ ಲೆಕ್ಕವುಂಟು ಎಂಬದೇ ಇದರ ಸಾರ. ಇದನ್ನು ಪಂಚಾಂಗವನ್ನಾಗಿ ಮಾಡಿ ದಿನ ಹುಡುಕುವದು ಸರಿಯಲ್ಲ. ಯಾಕಂದರೆ ಆ ದಿನವನ್ನೂ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರೆಂದು ಕರ್ತನೇ ಹೇಳಿದ್ದಾನೆ.

ಇನ್ನು ಮುಂದೆ ಯಾರಾದರೂ ಲೋಕಾಂತ್ಯದ ಸುದ್ದಿಯನ್ನು ತಂದರೆ, ಅದು ಈ ನಾಲ್ಕರಲ್ಲಿ ಯಾವ ಕ್ರಮದ ಮಾತೆಂದು ಶಾಂತವಾಗಿ ವಿಚಾರಿಸಿರಿ. ಆ ಮಾತನ್ನು ನೆಚ್ಚಿ ಹೊಲ ಮಾರಬೇಡಿರಿ, ಮಗಳನ್ನು ಶಾಲೆ ಬಿಡಿಸಬೇಡಿರಿ, ಅವಸರದಿಂದ ಅವಳ ಮದುವೆಯನ್ನು ಗೊತ್ತುಮಾಡಬೇಡಿರಿ. ನಮ್ಮ ಕಡೆಯ ಒಕ್ಕಲಿಗನು ಮಳೆ ಬರುವ ದಿನವನ್ನರಿಯನು. ಆದರೂ ಹೊಲವನ್ನು ಹರಗಿ, ಹಿಂಗಾರಿ ಜೋಳದ ಬೀಜವನ್ನು ಕಾದಿಟ್ಟುಕೊಂಡಿರುತ್ತಾನೆ. ಕರ್ತನು ಬರುವಾಗ ತನ್ನ ಕೆಲಸದಲ್ಲಿ ನಿರತರಾದವರನ್ನು ಕಂಡು ಸಂತೋಷಪಡುವನೆಂದು ನಾವು ನಂಬುತ್ತೇವೆ. ಓದೂ ಅಂಥ ಕೆಲಸವೇ.