ಅಮೆರಿಕದ ಸ್ವಾತಂತ್ರ್ಯ ದಿನಾಚರಣೆ, ಬೋಳು ಹದ್ದು ಮತ್ತು ಹಣ್ಣಿನ ಧ್ವಜ ಕೇಕ್

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿ ವರ್ಷ ಜುಲೈ 4ರಂದು ಸ್ವಾತಂತ್ರ್ಯ ದಿನವನ್ನು ಆಚರಿಸಲಾಗುತ್ತದೆ. ಮಕ್ಕಳು ಮೊಮ್ಮಕ್ಕಳನ್ನು ಕಾಣುವ ಸಲುವಾಗಿ ಆ ಋತುವಿನಲ್ಲಿ ಅಲ್ಲಿಗೆ ತೆರಳುವ ನಮ್ಮ ರಾಜ್ಯದ ಹಿರಿಯರ ಸಂಖ್ಯೆ ಕಡಿಮೆಯೇನಲ್ಲ. ಅಂದು ಎಲ್ಲೆಡೆ ಕಾಣುವ ಬಿಳಿತಲೆಯ ಹದ್ದಿನ ಚಿತ್ರದ ಹಿಂದಿರುವ ಸಂಗತಿಗಳನ್ನೂ, ಊಟದ ಮೇಜಿಗೆ ಬರುವ ಧ್ವಜಾಕಾರದ ಹಣ್ಣಿನ ಕೇಕನ್ನು ತಯಾರಿಸುವ ವಿಧಾನವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹದಿಮೂರು ವಸಾಹತುಗಳ ಪ್ರತಿನಿಧಿಗಳು ಬ್ರಿಟನ್ನಿನಿಂದ ಬೇರ್ಪಡುವ ನಿರ್ಣಯವನ್ನು ಅಂಗೀಕರಿಸಿದ್ದು 1776ರ ಜುಲೈ 2ರಂದು. ಆ ನಿರ್ಣಯದ ಕಾರಣಗಳನ್ನು ವಿವರಿಸುವ ಘೋಷಣಾಪತ್ರಕ್ಕೆ ಒಪ್ಪಿಗೆ ದೊರೆತದ್ದು ಜುಲೈ 4ರಂದು. ಬಹುತೇಕ ಸದಸ್ಯರು ಸಹಿ ಹಾಕಿದ್ದು ಆಗಸ್ಟ್ 2ರಂದು. ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್ ಅವರು ಜುಲೈ 2ನ್ನೇ ಮುಂದಿನ ಪೀಳಿಗೆಗಳು ಹಬ್ಬವಾಗಿ ಆಚರಿಸುವುವೆಂದು ತಮ್ಮ ಪತ್ನಿಗೆ ಬರೆದಿದ್ದರು. ಆದರೆ ಜನಮನದಲ್ಲಿ ಉಳಿದದ್ದು ಘೋಷಣಾಪತ್ರದ ಮೇಲೆ ನಮೂದಾಗಿದ್ದ ದಿನಾಂಕವೇ. ಈ ಆಡಮ್ಸ್ ಹಾಗೂ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ ಇಬ್ಬರೂ 1826ರ ಜುಲೈ 4ರಂದೇ, ಸರಿಯಾಗಿ ಐವತ್ತು ವರ್ಷಗಳ ನಂತರ, ನಿಧನ ಹೊಂದಿದರು.

ಹದ್ದು ರಾಷ್ಟ್ರಮುದ್ರೆಯಲ್ಲಿ ಸ್ಥಾನ ಪಡೆಯಲು ಇನ್ನೂ ಆರು ವರ್ಷಗಳು ಬೇಕಾದವು. ಮೂರು ಸಮಿತಿಗಳು ಒಂದರ ನಂತರ ಒಂದು ಸಿದ್ಧಪಡಿಸಿದ ವಿನ್ಯಾಸಗಳು ಒಪ್ಪಿಗೆಯಾಗದ ಕಾರಣ, ಕಾಂಗ್ರೆಸ್ಸಿನ ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಅವುಗಳ ಅಂಶಗಳನ್ನು ಕೂಡಿಸಿ ರೂಪಿಸಿದ ಮುದ್ರೆಯು 1782ರ ಜೂನ್ 20ರಂದು ಅಂಗೀಕೃತವಾಯಿತು. ಒಂದು ಪಾದದಲ್ಲಿ ಆಲಿವ್ ರೆಂಬೆ, ಇನ್ನೊಂದರಲ್ಲಿ ಹದಿಮೂರು ಬಾಣಗಳನ್ನು ಹಿಡಿದ ಹದ್ದು ಅದು. ಇಷ್ಟಾದರೂ ಈ ಪಕ್ಷಿಯನ್ನು ರಾಷ್ಟ್ರಪಕ್ಷಿಯೆಂದು ಘೋಷಿಸುವ ಕಾನೂನು ಮಾತ್ರ ಜಾರಿಗೆ ಬಂದಿದ್ದು 2024ರ ಡಿಸೆಂಬರಿನಲ್ಲಿ. ಎಲ್ಲರೂ ಆಗಿಹೋಗಿದೆಯೆಂದೇ ಭಾವಿಸಿದ್ದ ಆದೇಶವೊಂದು 242 ವರ್ಷ ಹೊರಬಿದ್ದಿರಲಿಲ್ಲವೆಂಬುದು ಕಡತಗಳ ನಡುವೆ ಕೆಲಸ ಮಾಡುವವರಿಗೆ ಅಷ್ಟಾಗಿ ಆಶ್ಚರ್ಯ ತರಲಾರದು.

ಬೋಳು ಹದ್ದು (ಬಾಲ್ಡ್ ಈಗಲ್) ಎಂಬ ಹೆಸರಿದ್ದರೂ ಇದರ ತಲೆ ಬೋಳಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿಯ ಮಚ್ಚೆಯುಳ್ಳದ್ದು ಎಂಬ ಅರ್ಥವಿತ್ತು. ತಲೆ ಮತ್ತು ಬಾಲದ ಬಿಳಿಬಣ್ಣ ಬರುವುದು ಸುಮಾರು ಐದನೆಯ ವರ್ಷಕ್ಕೆ. ಅಲ್ಲಿಯವರೆಗೆ ಮೈಯೆಲ್ಲಾ ಕಂದು. ಬಿಳಿತಲೆಯನ್ನು ಕಂಡಾಗ ನಮ್ಮ ಕೆರೆಗಳ ಮೇಲೆ ಹಾರುವ ಗರುಡ ನೆನಪಿಗೆ ಬರುವುದು ಸಹಜ, ಆದರೆ ಇದು ಗಾತ್ರದಲ್ಲಿ ಬಹಳ ದೊಡ್ಡದು: ರೆಕ್ಕೆಯ ಹರವು 1.8ರಿಂದ 2.3 ಮೀಟರ್. ಹೆಣ್ಣು ಗಂಡಿಗಿಂತ ದೊಡ್ಡದು. ಮುಖ್ಯ ಆಹಾರ ಮೀನು. ವರ್ಷವರ್ಷವೂ ಅದೇ ಗೂಡಿಗೆ ಕಡ್ಡಿಗಳನ್ನು ಸೇರಿಸುತ್ತಾ ಹೋಗುವುದರಿಂದ ಗೂಡು ಬೃಹತ್ತಾಗಿ ಬೆಳೆಯುತ್ತದೆ. ಫ್ಲಾರಿಡಾದಲ್ಲಿ ದಾಖಲಾದ ಒಂದು ಗೂಡು ಸುಮಾರು 2.9 ಮೀಟರ್ ಅಗಲ, 6 ಮೀಟರ್ ಆಳವಿತ್ತು. ಚಲನಚಿತ್ರಗಳಲ್ಲಿ ಈ ಹದ್ದಿನದೆಂದು ಕೇಳಿಸುವ ಗಂಭೀರ ಕೂಗು ಬಹುಪಾಲು ಕೆಂಪು ಬಾಲದ ಡೇಗೆಯದು. ಇದರ ನಿಜವಾದ ದನಿ ಕೀಚಲು.

ನಾಣ್ಯದ ಮೇಲೆ ಗೌರವ ಪಡೆದ ಈ ಪಕ್ಷಿ ನೆಲದ ಮೇಲೆ ಹಾಗೆ ಗೌರವ ಪಡೆಯಲಿಲ್ಲವೆಂಬುದು ಗಮನಿಸಬೇಕಾದ ವಿಷಯ. ಸಾಲ್ಮನ್ ಮೀನುಗಳನ್ನು ಕಬಳಿಸುತ್ತದೆಂಬ ಆರೋಪದ ಮೇಲೆ ಅಲಾಸ್ಕಾ ಪ್ರಾಂತ್ಯದ ಆಡಳಿತವು 1917ರಲ್ಲಿ ಹದ್ದುಗಳನ್ನು ಕೊಂದವರಿಗೆ ಇನಾಮು ಗೊತ್ತುಪಡಿಸಿತು. ಕೊಂದ ಹಕ್ಕಿಯ ಎರಡು ಕಾಲುಗಳನ್ನು ತಂದೊಪ್ಪಿಸಿದರೆ ಸರ್ಕಾರದಿಂದ ಹಣ ಪಾವತಿಯಾಗುತ್ತಿತ್ತು. ಕಾಲುಗಳೇ ವೋಚರು. 1950ರ ದಶಕದ ಆರಂಭದವರೆಗೆ ಮುಂದುವರಿದ ಈ ಪದ್ಧತಿಯಲ್ಲಿ ಒಂದು ಲಕ್ಷಕ್ಕೂ ಮೀರಿದ ಹದ್ದುಗಳಿಗೆ ಹಣ ಸಂದಾಯವಾಗಿದೆ. ಅದೇ ಅವಧಿಯಲ್ಲಿ, 1940ರಲ್ಲಿ, ಇದೇ ಹದ್ದನ್ನು ಕೊಲ್ಲುವುದನ್ನು ಅಪರಾಧವೆಂದು ಸಾರುವ ಕಾಯಿದೆ ರಾಷ್ಟ್ರಮಟ್ಟದಲ್ಲಿ ಜಾರಿಗೆ ಬಂದಿತಾದರೂ ಅಲಾಸ್ಕಾಗೆ ಅದರಿಂದ ವಿನಾಯಿತಿ ನೀಡಲಾಗಿತ್ತು.

ಎರಡನೆಯ ಪೆಟ್ಟು ಬಂದೂಕಿನದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಹೊಲಗಳಿಗೂ ಸೊಳ್ಳೆ ನಿರ್ಮೂಲನೆಗೂ ಡಿಡಿಟಿಯನ್ನು ಹೇರಳವಾಗಿ ಸಿಂಪಡಿಸಲಾಯಿತು. ಅದು ಹಳ್ಳಕೊಳ್ಳ ಸೇರಿ, ಮೀನಿನ ಕೊಬ್ಬಿನಲ್ಲಿ ಸಂಗ್ರಹವಾಗಿ, ಮೀನು ತಿನ್ನುವ ಹದ್ದಿನ ದೇಹವನ್ನು ಸೇರಿತು. ಇದರಿಂದ ಹಕ್ಕಿ ಸಾಯುತ್ತಿರಲಿಲ್ಲ. ಆದರೆ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1963ರ ಗಣತಿಯಲ್ಲಿ ಅಲಾಸ್ಕಾ ಮತ್ತು ಹವಾಯಿ ಹೊರತಾದ 48 ರಾಜ್ಯಗಳಲ್ಲಿ ಗೂಡು ಕಟ್ಟುವ 417 ಜೋಡಿಗಳು ಮಾತ್ರ ಉಳಿದಿದ್ದವು. ಅದರ ಹಿಂದಿನ ವರ್ಷ ಪ್ರಕಟವಾದ ರೇಚಲ್ ಕಾರ್ಸನ್ ಅವರ ಪುಸ್ತಕ ಸಾರ್ವಜನಿಕ ಚರ್ಚೆಗೆ ದಾರಿ ಮಾಡಿತು. 1972ರಲ್ಲಿ ಡಿಡಿಟಿಯ ಕೃಷಿ ಬಳಕೆಯನ್ನು ನಿಷೇಧಿಸಲಾಯಿತು. ಗೂಡುಗಳ ಸುತ್ತಲಿನ ಮರಗಳಿಗೆ ರಕ್ಷಣೆ ದೊರೆಯಿತು. ಹದ್ದುಗಳು ಹೆಚ್ಚಿದ್ದ ಪ್ರದೇಶಗಳಿಂದ ಮರಿಗಳನ್ನು ತಂದು, ಸಾಕಿ, ಖಾಲಿಯಾಗಿದ್ದ ರಾಜ್ಯಗಳಲ್ಲಿ ಬಿಡಲಾಯಿತು. 2007ರಲ್ಲಿ ಇದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು. 2021ರಲ್ಲಿ ಪ್ರಕಟವಾದ ಸರ್ಕಾರಿ ವರದಿಯ ಪ್ರಕಾರ ಅದೇ 48 ರಾಜ್ಯಗಳಲ್ಲಿ ಸುಮಾರು 3,16,700 ಹದ್ದುಗಳು, 71,400ಕ್ಕೂ ಹೆಚ್ಚು ಜೋಡಿಗಳು ಇದ್ದವು. ಬೇಟೆಗಾರರ ಸೀಸದ ಗುಂಡಿನ ಚೂರುಗಳನ್ನು ಮಾಂಸದೊಡನೆ ನುಂಗಿ ವಿಷಬಾಧೆಗೆ ಒಳಗಾಗುವ ಸಮಸ್ಯೆ ಮಾತ್ರ ಮುಂದುವರಿದಿದೆ.

ನಮ್ಮಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ರಣಹದ್ದುಗಳು ನಾಶವಾದ ಸಂಗತಿಯನ್ನು ಓದುಗರು ಇಲ್ಲಿ ಸ್ಮರಿಸಬಹುದು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಸಂಖ್ಯೆಯ ಚೇತರಿಕೆ ಮಾತ್ರ ಅಮೆರಿಕದಲ್ಲಿ ಆದಂತೆ ಆಗಿಲ್ಲ.

ಅಲ್ಲಿಗೆ ಭೇಟಿ ನೀಡುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನವಿಲುಗರಿಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬೆಳೆದ ನಮಗೆ ಕೆರೆಯ ದಂಡೆಯಲ್ಲಿ ಬಿದ್ದ ಗರಿಯನ್ನು ಎತ್ತಿಕೊಳ್ಳುವುದು ಸಹಜ. ಅಮೆರಿಕದಲ್ಲಿ ಹದ್ದಿನ ಗರಿಯನ್ನು, ತಾನಾಗಿಯೇ ಉದುರಿದ್ದರೂ, ಪರವಾನಗಿಯಿಲ್ಲದೆ ಹೊಂದುವುದು ಅಪರಾಧ. ಭಾರಿ ದಂಡ ಮತ್ತು ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಧಾರ್ಮಿಕ ವಿಧಿಗಳಿಗೆ ಗರಿಗಳ ಅಗತ್ಯವಿರುವ ಮೂಲನಿವಾಸಿ ಬುಡಕಟ್ಟುಗಳ ಸದಸ್ಯರಿಗೆ ಕೊಲರಾಡೊದಲ್ಲಿರುವ ಸರ್ಕಾರಿ ಉಗ್ರಾಣವೊಂದು ಸತ್ತ ಹದ್ದುಗಳ ಗರಿಗಳನ್ನು ಅರ್ಜಿಯ ಮೇರೆಗೆ ಪೂರೈಸುತ್ತದೆ. ಉಳಿದವರು ಗರಿಯನ್ನು ಕಂಡಲ್ಲಿಯೇ ಬಿಡತಕ್ಕದ್ದು. ಹಾಗೆಯೇ, ಮರಿಗಳಿರುವ ಗೂಡಿನಿಂದ ಅರ್ಧ ಮೈಲಿಯೊಳಗೆ ಸಾರ್ವಜನಿಕ ಪ್ರದರ್ಶನದ ದೊಡ್ಡ ಬಾಣಬಿರುಸುಗಳನ್ನು ಹಾರಿಸಬಾರದೆಂದು ಅಲ್ಲಿನ ವನ್ಯಜೀವಿ ಇಲಾಖೆಯ 2007ರ ಮಾರ್ಗಸೂಚಿ ಸೂಚಿಸುತ್ತದೆ. ಹದ್ದಿನ ಹೆಸರಿನ ಹಬ್ಬದಲ್ಲಿ ಹದ್ದಿಗೆ ತೊಂದರೆಯಾಗಬಾರದೆಂಬ ಈ ನಿಯಮ ಮೆಚ್ಚತಕ್ಕದ್ದು.

ಇನ್ನು ಧ್ವಜ ಕೇಕ್. ಬ್ಲೂಬೆರಿ ಉತ್ತರ ಅಮೆರಿಕದ ಮೂಲದ ಹಣ್ಣು. ಕಾಡುಗಿಡವಾಗಿದ್ದ ಇದನ್ನು ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಮತ್ತು ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಅವರು ಪಳಗಿಸಿ 1916ರಲ್ಲಿ ಮೊದಲ ಬೆಳೆಯನ್ನು ಮಾರುಕಟ್ಟೆಗೆ ತಂದರು. ಸ್ಟ್ರಾಬೆರಿಯೂ ಬ್ಲೂಬೆರಿಯೂ ಬೇಸಿಗೆಯಲ್ಲಿ ಹಬ್ಬದ ಸುಮಾರಿಗೇ ಹಣ್ಣಾಗುವುದರಿಂದ ಕೆಂಪು, ನೀಲಿ ಎರಡೂ ಬಣ್ಣ ಸುಲಭವಾಗಿ ಒದಗುತ್ತವೆ.

ಸುಮಾರು ಹನ್ನೆರಡು ಜನರಿಗೆ 13 ಅಂಗುಲ ಉದ್ದ, 9 ಅಂಗುಲ ಅಗಲದ ಸ್ಪಾಂಜ್ ಕೇಕ್ ಸಾಕು. ಮೊಟ್ಟೆ ಸೇವಿಸದವರು ಮೊಟ್ಟೆರಹಿತ ಕೇಕ್ ಬಳಸಬಹುದು. ಕೇಕ್ ಸಂಪೂರ್ಣ ತಣ್ಣಗಾಗಬೇಕು, ಇಲ್ಲವಾದರೆ ಕ್ರೀಮ್ ಕರಗಿ ಇಳಿಯುತ್ತದೆ. ಎರಡು ಕಪ್ ತಣ್ಣನೆಯ ಕ್ರೀಮಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ ಪುಡಿ ಹಾಗೂ ಸ್ವಲ್ಪ ವೆನಿಲಾ ಸೇರಿಸಿ, ತಂಪು ಮಾಡಿದ ಪಾತ್ರೆಯಲ್ಲಿ ಗಟ್ಟಿಯಾಗುವವರೆಗೆ ಕಡೆದು ಕೇಕಿನ ಮೇಲೆ ಹರಡಬೇಕು. ಎಡಭಾಗದ ಮೇಲಿನ ಮೂಲೆಯಲ್ಲಿ ಬ್ಲೂಬೆರಿಗಳನ್ನು ಚೌಕಾಕಾರವಾಗಿ ಜೋಡಿಸಿ, ಉಳಿದ ಭಾಗದಲ್ಲಿ ಉದ್ದಕ್ಕೆ ಹೋಳು ಮಾಡಿದ ಸ್ಟ್ರಾಬೆರಿಗಳನ್ನು ಸಾಲಾಗಿ ಇಡಬೇಕು. ಧ್ವಜದ 13 ಪಟ್ಟಿಗಳೂ ಇಷ್ಟು ಜಾಗದಲ್ಲಿ ಹಿಡಿಸಲಾರವು. ನಾಲ್ಕು ಕೆಂಪು ಸಾಲು ಸಾಕಾಗುತ್ತದೆ. ತೊಳೆದ ಹಣ್ಣುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು, ಬಡಿಸುವ ಒಂದು ಗಂಟೆ ಮುಂಚೆಯಷ್ಟೇ ಜೋಡಿಸಬೇಕು. ಇಲ್ಲದಿದ್ದಲ್ಲಿ ಕೆಂಪು ರಸ ಹರಿದು ಬಿಳಿ ಪಟ್ಟಿಗಳೇ ಕಾಣದಂತಾಗುತ್ತವೆ.

ಧ್ವಜದ ಆಕಾರವನ್ನು ಕತ್ತರಿಸಿ ತಿನ್ನಬಹುದೇ ಎಂಬ ಶಂಕೆ ನಮ್ಮವರಲ್ಲಿ ಮೂಡುವುದುಂಟು. ಅಮೆರಿಕದ ಧ್ವಜಸಂಹಿತೆಯು ಕಾಗದದ ಕರವಸ್ತ್ರಗಳ ಮೇಲೆ ಕೂಡ ಧ್ವಜವನ್ನು ಮುದ್ರಿಸಬಾರದೆನ್ನುತ್ತದೆ. ಆದರೆ ಅದು ಸಲಹಾರೂಪದ್ದು, ಅಂಥ ಕರವಸ್ತ್ರಗಳು ಅಂದು ಎಲ್ಲ ಅಂಗಡಿಗಳಲ್ಲಿಯೂ ಮಾರಾಟಕ್ಕಿರುತ್ತವೆ. ನಮ್ಮ ದೇಶದಲ್ಲಿಯೂ ಇಂಥದೇ ಪ್ರಶ್ನೆ ಉದ್ಭವಿಸಿ, ತ್ರಿವರ್ಣ ವಿನ್ಯಾಸದ ಕೇಕನ್ನು ಕತ್ತರಿಸುವುದು ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯಿದೆ, 1971ರ ಅಡಿ ಅಪರಾಧವಾಗುವುದಿಲ್ಲವೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪು ನೀಡಿದೆ.